ಮಿದುಳಿನ ಅಧ್ಯಯನ ಮತ್ತು ಶ್ರಾವಕನ ವಿವೇಕ

ಜ್ಞಾನವೇ ಜೀವದ ಸ್ವಭಾವವೆಂದು ಸಾರಿದ ಧರ್ಮವು ಜ್ಞಾನಾರ್ಜನೆಗೆ ಎಂದಿಗೂ ಅಡ್ಡಿಯಾಗಲಾರದು. ಆದರೆ ಜ್ಞಾನವನ್ನು ಯಾವ ಮಾರ್ಗದಿಂದ ಪಡೆಯಬೇಕು, ಪಡೆದ ಜ್ಞಾನವನ್ನು ಯಾವ ದೃಷ್ಟಿಯಿಂದ ಕಾಣಬೇಕು ಎಂಬ ಎರಡು ಪ್ರಶ್ನೆಗಳನ್ನು ಅದೇ ಧರ್ಮವು ಶ್ರಾವಕನ ಮುಂದಿಡುತ್ತದೆ. ವಾಣಿಜ್ಯಶಾಸ್ತ್ರವನ್ನೋ ಗಣಿತವನ್ನೋ ಓದುವವನಿಗೆ ಈ ಪ್ರಶ್ನೆಗಳು ಅಷ್ಟು ತೀವ್ರವಾಗಿ ಎದುರಾಗುವುದಿಲ್ಲ. ಮಿದುಳು ಮತ್ತು ನರಗಳ ಶಾಸ್ತ್ರವನ್ನು ಪದವಿಯಲ್ಲಿ ಓದಹೊರಟ ಜೈನ ವಿದ್ಯಾರ್ಥಿಗೆ ಮಾತ್ರ ಇವೆರಡೂ ಮೊದಲ ವರ್ಷದಲ್ಲಿಯೇ, ಒಂದು ಪ್ರಯೋಗಶಾಲೆಯ ಮೇಜಿನ ಮೇಲೆ, ಇನ್ನೊಂದು ಪಠ್ಯಪುಸ್ತಕದ ಪುಟದಲ್ಲಿ, ಎದುರಾಗುತ್ತವೆ.

ದ್ವಿತೀಯ ಪಿ.ಯು.ಸಿ. ಮುಗಿಸಿದ ಹುಡುಗಿಯೊಬ್ಬಳು ತಾನು ನರವಿಜ್ಞಾನವನ್ನು ಓದುವೆನೆಂದು ಮನೆಯಲ್ಲಿ ಹೇಳಿದಳೆಂದು ಭಾವಿಸಿದರೆ, ಆ ಮನೆಯಲ್ಲಿ ಏಳುವ ಮಾತುಗಳನ್ನು ಊಹಿಸುವುದು ಕಷ್ಟವಲ್ಲ. ತಂದೆಗೆ ಉದ್ಯೋಗದ ಚಿಂತೆ. ಅಜ್ಜಿಗೆ ಬೇರೊಂದು ಚಿಂತೆ: "ಅಲ್ಲಿ ಕಪ್ಪೆ, ಇಲಿಗಳನ್ನೆಲ್ಲ ಕೊಯ್ಯಬೇಕಂತೆ, ಹೌದೇನು ಮಗಾ?" ನಿತ್ಯ ಸ್ವಾಧ್ಯಾಯ ಮಾಡುವ ದೊಡ್ಡಪ್ಪನಿಗೆ ಮೂರನೆಯ ಚಿಂತೆ: "ಎಲ್ಲವೂ ಮಿದುಳೇ, ಆತ್ಮ ಎಂಬುದೇ ಇಲ್ಲ ಎಂದು ಕಲಿತು ಬಂದರೆ ಇವಳು ಮತ್ತೆ ಬಸದಿಯ ಮೆಟ್ಟಿಲು ಹತ್ತುವಳೇ?" ತಂದೆಯ ಚಿಂತೆಗೆ ಕಾಲವೇ ಉತ್ತರ ಹೇಳೀತು. ಅಜ್ಜಿಯ ಮತ್ತು ದೊಡ್ಡಪ್ಪನ ಚಿಂತೆಗಳು ಹಾಗಲ್ಲ. ಅವು ಅಜ್ಞಾನದಿಂದ ಹುಟ್ಟಿದವೂ ಅಲ್ಲ, ನಕ್ಕು ತಳ್ಳಿಹಾಕತಕ್ಕವೂ ಅಲ್ಲ. ಒಂದು ಅಹಿಂಸಾ ವ್ರತವನ್ನು ಕುರಿತದ್ದು, ಇನ್ನೊಂದು ಸಮ್ಯಗ್ದರ್ಶನವನ್ನು ಕುರಿತದ್ದು.

ಭಾರತದಲ್ಲಿ ಪದವಿಯ ಮಟ್ಟದಲ್ಲಿ ನರವಿಜ್ಞಾನಕ್ಕೆಂದೇ ಮೀಸಲಾದ ಶಿಕ್ಷಣಕ್ರಮಗಳು ವಿರಳ. ಬಹುಪಾಲು ವಿದ್ಯಾರ್ಥಿಗಳು ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನ, ಮನಶ್ಶಾಸ್ತ್ರ ಅಥವಾ ವೈದ್ಯಕೀಯದ ಬಾಗಿಲಿನಿಂದ ಈ ಶಾಸ್ತ್ರವನ್ನು ಪ್ರವೇಶಿಸುತ್ತಾರೆ. ಅವರು ಕಲಿಯುವ ವಿಷಯವು ವಿಸ್ಮಯಕಾರಿಯಾದುದು. ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋಗ್ರಾಂ ತೂಗುವ ಮಾನವನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಒಂದು ನರಕೋಶವು ತನ್ನ ಉದ್ದಕ್ಕೂ ವಿದ್ಯುತ್ತಿನ ಅಲೆಯೊಂದನ್ನು ಹರಿಸಿ, ತುದಿಯಲ್ಲಿ ರಾಸಾಯನಿಕವೊಂದನ್ನು ಸ್ರವಿಸಿ, ಮುಂದಿನ ಕೋಶಕ್ಕೆ ಸಂಜ್ಞೆಯನ್ನು ದಾಟಿಸುತ್ತದೆ. ಕಾಣುವುದು, ಕೇಳುವುದು, ನಡೆಯುವುದು, ನೆನೆಯುವುದು, ಕೋಪಿಸಿಕೊಳ್ಳುವುದು ಇವೆಲ್ಲವುಗಳ ಸಂಗಡ ಈ ವ್ಯಾಪಾರ ನಡೆಯುತ್ತಲೇ ಇರುತ್ತದೆ.

ಈ ಜ್ಞಾನವು ಮಾನವಕುಲಕ್ಕೆ ಪುಕ್ಕಟೆಯಾಗಿ ಬಂದುದಲ್ಲ. ಅದರ ಬೆಲೆಯನ್ನು ಬಹುಮಟ್ಟಿಗೆ ತೆತ್ತದ್ದು ಮೂಕ ಪ್ರಾಣಿಗಳು. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶದಿಂದ ಅದುರುವುದನ್ನು ಕಂಡು ೧೭೯೧ರಲ್ಲಿ ಅದನ್ನು ಪ್ರಕಟಿಸಿದನು. ೧೯೨೧ರಲ್ಲಿ ಆಟೋ ಲೋವಿ ಎರಡು ಕಪ್ಪೆಗಳ ಹೃದಯಗಳನ್ನು ತೆಗೆದು, ಒಂದರ ನರವನ್ನು ಪ್ರಚೋದಿಸಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಹಾಯಿಸಿ, ನರವು ರಾಸಾಯನಿಕದ ಮೂಲಕ ಮಾತನಾಡುತ್ತದೆಂದು ತೋರಿಸಿದನು. ಹಾಜ್‌ಕಿನ್ ಮತ್ತು ಹಕ್ಸ್‌ಲಿ ೧೯೫೨ರಲ್ಲಿ ನರದ ವಿದ್ಯುತ್ತನ್ನು ಗಣಿತದಲ್ಲಿ ಹಿಡಿದದ್ದು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಿಂದ. ದೃಷ್ಟಿಯ ಬೆಳವಣಿಗೆಯನ್ನರಿಯಲು ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಹೊಲಿದು ಮುಚ್ಚಿದರು. ಎಳೆಯ ಮಕ್ಕಳ ಕಣ್ಣಿನ ದೋಷವನ್ನು ಬೇಗನೆ ಸರಿಪಡಿಸದಿದ್ದರೆ ಆ ಕಣ್ಣಿನ ದೃಷ್ಟಿ ಶಾಶ್ವತವಾಗಿ ಮಂದವಾಗುವುದೇಕೆ ಎಂಬುದು ಆ ಪ್ರಯೋಗಗಳಿಂದ ತಿಳಿಯಿತು. ನೋವೂ ನಿಜ, ಲಾಭವೂ ನಿಜ. ಎರಡರಲ್ಲಿ ಒಂದನ್ನು ಮುಚ್ಚಿಟ್ಟು ಆಡುವ ಮಾತು ಸತ್ಯವ್ರತಕ್ಕೆ ಸಲ್ಲದು.

ಆದರೆ ಇವು ಶೋಧಕರ ಪ್ರಯೋಗಗಳು. ಕಾಲೇಜಿನಲ್ಲಿ ನಡೆಯುತ್ತಿದ್ದುದು ಬೇರೆಯೇ. ದಶಕಗಳ ಕಾಲ ಬಿ.ಎಸ್ಸಿ. ಮತ್ತು ವೈದ್ಯಕೀಯ ತರಗತಿಗಳಲ್ಲಿ ಜೀವಂತ ಕಪ್ಪೆಯ ಬೆನ್ನುಹುರಿಗೆ ಸೂಜಿ ತೂರಿಸಿ, ಅದರ ಮೀನಖಂಡದ ಸ್ನಾಯುವನ್ನು ನರಸಮೇತ ಬಿಡಿಸಿ, ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆಯ ಮೇಲೆ ಆ ಸ್ನಾಯುವಿನ ಸಂಕೋಚನದ ಗೆರೆಯನ್ನು ಮೂಡಿಸುತ್ತಿದ್ದರು. ಗೆರೆ ಹೇಗಿರಬೇಕೆಂಬುದು ಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತಿತ್ತು. ವಿದ್ಯಾರ್ಥಿಯು ಮೂಡಿಸಿದ ಗೆರೆ ಪುಸ್ತಕದ ಗೆರೆಯಂತಿದ್ದರೆ ಅಂಕ. ಇಲ್ಲದಿದ್ದರೆ ಇನ್ನೊಂದು ಕಪ್ಪೆ.

ಜೈನ ಪರಂಪರೆಗೆ ಕಪ್ಪೆ ಅಪರಿಚಿತ ಜೀವಿಯಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಜಿನಪೂಜೆಯ ಮಹಿಮೆಗೆ ದೃಷ್ಟಾಂತವಾಗಿ ರಾಜಗೃಹದ ಒಂದು ಕಪ್ಪೆಯನ್ನು ನೆನೆಯುತ್ತದೆ. ಭಗವಾನ್ ಮಹಾವೀರರ ಸಮವಸರಣಕ್ಕೆ ಹೂವೊಂದನ್ನು ಕಚ್ಚಿಕೊಂಡು ಹೊರಟ ಆ ಕಪ್ಪೆಯು ದಾರಿಯಲ್ಲಿ ಶ್ರೇಣಿಕ ಮಹಾರಾಜನ ಆನೆಯ ಕಾಲಿಗೆ ಸಿಕ್ಕಿ ಪ್ರಾಣಬಿಟ್ಟು, ಪೂಜೆಯ ಭಾವದ ಬಲದಿಂದಲೇ ದೇವಗತಿಯನ್ನು ಪಡೆಯಿತೆಂದು ಕಥೆ. ಈ ಕಥೆಯನ್ನು ಬಾಲ್ಯದಲ್ಲಿ ಕೇಳಿದ ಹುಡುಗಿಯ ಕೈಗೆ ಕತ್ತರಿಯನ್ನೂ ಕಪ್ಪೆಯನ್ನೂ ಕೊಟ್ಟಾಗ ಅವಳ ಕೈ ನಡುಗಿದರೆ ಅದು ಹೇಡಿತನವಲ್ಲ. ಪಂಚೇಂದ್ರಿಯವುಳ್ಳ, ಆಗಮಗಳ ಪ್ರಕಾರ ಮನಸ್ಸನ್ನೂ ಪಡೆಯಬಲ್ಲ ಜೀವವೊಂದರ ಮುಂದೆ ತಾನು ನಿಂತಿದ್ದೇನೆಂಬ ಅರಿವು ಅದು.

ಇಂದಿನ ವಿದ್ಯಾರ್ಥಿಗಳ ಪುಣ್ಯವೆಂದರೆ, ಈ ಕೈನಡುಕವನ್ನು ಕಾನೂನು ಸಹ ಗೌರವಿಸುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ೧೯೬೦ರ ಅಧಿನಿಯಮವೇ, ಪುಸ್ತಕ, ಮಾದರಿ, ಚಲನಚಿತ್ರ ಮುಂತಾದ ಸಾಧನಗಳಿಂದ ಕಲಿಸಲು ಸಾಧ್ಯವಿರುವ ಕಡೆ ಕಾಲೇಜುಗಳಲ್ಲಿ ಪ್ರಾಣಿಪ್ರಯೋಗವನ್ನು ವರ್ಜಿಸಬೇಕೆಂಬ ತತ್ತ್ವವನ್ನು ಒಳಗೊಂಡಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೧೧ರಲ್ಲಿ ಪ್ರಾಣಿಶಾಸ್ತ್ರದ ಅಂಗಚ್ಛೇದನವನ್ನು ಹಂತಹಂತವಾಗಿ ಕೈಬಿಡಲು ಮಾರ್ಗಸೂಚಿಯನ್ನು ನೀಡಿ, ೨೦೧೪ರಲ್ಲಿ ಅದನ್ನು ಪೂರ್ತಿಯಾಗಿ ನಿಲ್ಲಿಸುವಂತೆ ಸೂಚಿಸಿತು. ವೈದ್ಯಕೀಯ ಪದವಿಯಲ್ಲಿಯೂ ಶರೀರಕ್ರಿಯಾಶಾಸ್ತ್ರ ಮತ್ತು ಔಷಧಶಾಸ್ತ್ರದ ಪಾಠಗಳಿಗೆ ಪ್ರಾಣಿಗಳ ಬದಲು ಗಣಕಯಂತ್ರದ ನೆರವನ್ನು ಪಡೆಯುವ ಪದ್ಧತಿ ಬಂದಿತು. ಆದುದರಿಂದ ಅಜ್ಜಿಯ ಪ್ರಶ್ನೆಗೆ ಮೊಮ್ಮಗಳು ನೆಮ್ಮದಿಯಿಂದ ಹೇಳಬಹುದಾದ ಉತ್ತರವಿದೆ: "ಪದವಿ ಪಡೆಯಲು ಕಪ್ಪೆಯನ್ನು ಕೊಲ್ಲಲೇಬೇಕೆಂದಿಲ್ಲ, ಅಜ್ಜಿ."

ಇಷ್ಟಕ್ಕೆ ಸಮಾಧಾನ ಪಟ್ಟು ಸುಮ್ಮನಾದರೆ, ಸರಕಾರದ ಸುತ್ತೋಲೆಯೊಂದು ವ್ರತದ ಸ್ಥಾನವನ್ನು ಪಡೆದಂತಾಗುತ್ತದೆ. ಸುತ್ತೋಲೆ ನಾಳೆ ಬದಲಾಗಬಹುದು. ವ್ರತದ ಹಿಂದಿರುವ ಕಾರಣವು ಬದಲಾಗದು. ಆ ಕಾರಣವನ್ನು ಶ್ರಾವಕಾಚಾರಗಳಲ್ಲಿಯೇ ಹುಡುಕಬೇಕು. ತರಗತಿಯ ಅಂಗಚ್ಛೇದನವನ್ನು ಒಪ್ಪುವವರು ಅದು ಲೋಕೋಪಕಾರಕ್ಕಾಗಿ ಎನ್ನುತ್ತಿದ್ದರು. ಆದರೆ ಲೋಕಕ್ಕೆ ಆಗಲೇ ತಿಳಿದಿರುವ ಸಂಗತಿಯನ್ನು ಮತ್ತೆ ತೋರಿಸುವುದಕ್ಕಾಗಿ ಪ್ರತಿವರ್ಷ, ಪ್ರತಿ ಕಾಲೇಜಿನಲ್ಲಿ, ಪ್ರತಿ ವಿದ್ಯಾರ್ಥಿಯ ಮುಂದೆ ಒಂದು ಜೀವವನ್ನು ತೆಗೆಯುವುದರಿಂದ ಯಾವ ಹೊಸ ಜ್ಞಾನವೂ ಹುಟ್ಟುವುದಿಲ್ಲ. ಪ್ರಯೋಜನವಿಲ್ಲದ ಪಾಪಕ್ರಿಯೆಗೆ ಜೈನಾಚಾರವು ಇಟ್ಟ ಹೆಸರು ಅನರ್ಥದಂಡ. ಅದರಿಂದ ವಿರತನಾಗುವುದು ಶ್ರಾವಕನ ಮೂರು ಗುಣವ್ರತಗಳಲ್ಲಿ ಒಂದು. ನೆಲವನ್ನು ಸುಮ್ಮನೆ ಅಗೆಯುವುದು, ನೀರನ್ನು ಸುಮ್ಮನೆ ಚೆಲ್ಲುವುದು, ಗಿಡವನ್ನು ಸುಮ್ಮನೆ ಕೀಳುವುದು ಕೂಡ ಅನರ್ಥದಂಡವೆಂದ ಮೇಲೆ, ಗೊತ್ತಿರುವ ಗೆರೆಯೊಂದನ್ನು ಮತ್ತೆ ಎಳೆಯಲು ಪಂಚೇಂದ್ರಿಯ ಜೀವವನ್ನು ಕೊಲ್ಲುವುದು ಮತ್ತೇನು?

ಇಲ್ಲಿ ಒಂದು ಸೂಕ್ಷ್ಮ ಆಕ್ಷೇಪವನ್ನು ಕೆಲವರು ಎತ್ತುವುದುಂಟು. ಯಶೋಧರ ಮಹಾರಾಜನು ಕೊಂದದ್ದು ಹಿಟ್ಟಿನ ಕೋಳಿಯನ್ನು. ಆದರೂ ಆತನೂ ಆತನ ತಾಯಿ ಚಂದ್ರಮತಿಯೂ ಜನ್ಮಜನ್ಮಾಂತರಗಳಲ್ಲಿ ಆ ಸಂಕಲ್ಪದ ಫಲವನ್ನುಂಡರು. ಜನ್ನಕವಿಯು ೧೨೦೯ರಲ್ಲಿ ಈ ಕಥೆಯನ್ನು ಕನ್ನಡದಲ್ಲಿ ಹೇಳಿದಂದಿನಿಂದ ಹಿಟ್ಟಿನ ಕೋಳಿಯು ಕನ್ನಡ ಜೈನರ ನೆನಪಿನಲ್ಲಿ ಅಚ್ಚೊತ್ತಿದೆ. ಹಾಗಾದರೆ ಗಣಕಯಂತ್ರದ ಪರದೆಯ ಮೇಲಿನ ಕಪ್ಪೆಯನ್ನು ಕೊಯ್ಯುವುದೂ ಸಂಕಲ್ಪಹಿಂಸೆಯಾಗದೆ? ಆಕ್ಷೇಪವು ಜಾಣತನದ್ದಾಗಿ ತೋರಿದರೂ ಅದರ ಉತ್ತರವು ಬೋಧಪ್ರದವಾಗಿದೆ. ಯಶೋಧರನ ಹಿಟ್ಟಿನ ಕೋಳಿ ಬಲಿಯ ಕೋಳಿಗೆ ಪ್ರತಿನಿಧಿ. ಬಲಿಯು ಸಲ್ಲಬೇಕೆಂಬ ಭಾವವು ಅಲ್ಲಿ ಹಾಗೆಯೇ ಉಳಿದಿತ್ತು. ವಧೆಯ ವಸ್ತು ಮಾತ್ರ ಬದಲಾಗಿತ್ತು. ಪರದೆಯ ಕಪ್ಪೆಯಾದರೋ ಜೀವಂತ ಕಪ್ಪೆಯು ಸಾಯದಿರಲೆಂದೇ ರಚಿತವಾದುದು. ಅಲ್ಲಿ ತಿಳಿಯುವ ಭಾವವಿದೆ, ಉಳಿಸುವ ಭಾವವಿದೆ, ಕೊಲ್ಲುವ ಭಾವವಿಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾಗಾದಿಗಳು ಹುಟ್ಟದಿರುವುದೇ ಅಹಿಂಸೆ, ಹುಟ್ಟುವುದೇ ಹಿಂಸೆ ಎಂದು ತಿಳಿಸಿರುವುದನ್ನು ನೆನೆದರೆ ಈ ಭೇದವು ಸ್ಪಷ್ಟವಾಗುತ್ತದೆ. ಪರದೆಯ ಮೇಲೆ ಕಲಿಯುತ್ತಲೇ, 'ನಿಜವಾದ ಕಪ್ಪೆ ಸಿಕ್ಕಿದ್ದರೆ ಚೆನ್ನಾಗಿತ್ತು' ಎಂದು ಹಂಬಲಿಸುವವನಿಗೆ ಮಾತ್ರ ಯಶೋಧರನ ಕಥೆ ಎಚ್ಚರಿಕೆಯಾಗಬೇಕು.

ಪದವಿಯ ತರಗತಿಯ ಪ್ರಶ್ನೆ ಇಷ್ಟಕ್ಕೆ ಪರಿಹಾರವಾಗಬಹುದು. ಅದರ ಮುಂದಿನ ಪ್ರಶ್ನೆ ಇಷ್ಟು ಸುಲಭವಲ್ಲ. ಪದವಿಯನ್ನು ಮುಗಿಸಿ ಸಂಶೋಧನೆಗೆ ಹೋದಾಗ ಇಲಿ, ಮೊಲ, ಮೀನುಗಳ ಮೇಲಿನ ಪ್ರಯೋಗಗಳು ಎದುರಾಗುತ್ತವೆ. ಅಲ್ಲಿ ದೊರೆಯುವ ಜ್ಞಾನವು ಹೊಸದು. ಆದುದರಿಂದ ಅದು ಅನರ್ಥದಂಡವೆಂದು ತಳ್ಳಿಹಾಕಲು ಬಾರದು. ಗೃಹಸ್ಥನಿಂದಾಗುವ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಸಂಪ್ರದಾಯವಿದೆ. ಅಣುವ್ರತಿಯು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸುತ್ತಾನೆ. ಉಳಿದವುಗಳನ್ನು ಆದಷ್ಟು ಕಡಿಮೆ ಮಾಡುತ್ತಾನೆ. ಸಂಶೋಧಕನ ಹಿಂಸೆಯು ಉದ್ಯೋಗೀ ಹಿಂಸೆಯಲ್ಲವೆ ಎಂದು ಕೇಳಬಹುದು. ಬೇಸಾಯಗಾರನ ನೇಗಿಲಿಗೆ ಹುಳು ಸಿಕ್ಕುತ್ತದೆ; ಆದರೆ ಹುಳುವಿನ ಸಾವು ಅವನ ಬೇಸಾಯದ ಅಂಗವಲ್ಲ. ಹುಳು ತಪ್ಪಿಸಿಕೊಂಡರೆ ಬೆಳೆ ಕೆಡುವುದಿಲ್ಲ. ಪ್ರಯೋಗದಲ್ಲಿ ಇಲಿಯ ಮಿದುಳನ್ನು ತೆಗೆಯುವುದು ಪ್ರಯೋಗದ ಒಂದು ಹೆಜ್ಜೆ. ಇಲಿ ತಪ್ಪಿಸಿಕೊಂಡರೆ ಪ್ರಯೋಗವೇ ಇಲ್ಲ. ಎಲ್ಲಿ ಸಾವು ಯೋಜನೆಯ ಪಟ್ಟಿಯಲ್ಲಿ ಮೊದಲೇ ಬರೆಯಲ್ಪಟ್ಟಿದೆಯೋ ಅಲ್ಲಿ ಸಂಕಲ್ಪವಿದೆ. ಉದ್ದೇಶವು ಎಷ್ಟೇ ಉದಾತ್ತವಾಗಿರಲಿ, ವ್ರತಸ್ಥನಾದ ಜೈನನು ತನ್ನ ಕೈಯಿಂದ ಆ ಕೆಲಸವನ್ನು ಮಾಡಲಾರನೆಂಬುದೇ ಈ ತರ್ಕದಿಂದ ಹೊರಡುವ ನಿರ್ಣಯ.

ಹೀಗೆ ನಿರ್ಣಯಿಸಿದ ಕ್ಷಣವೇ ಸಮಾಜವು ಕನ್ನಡಿಯನ್ನೂ ನೋಡಿಕೊಳ್ಳಬೇಕಾಗುತ್ತದೆ. ಕಂಪವಾತದಿಂದ ಕೈ ನಡುಗುವ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಲೆವೊಡೋಪ ಎಂಬ ಗುಳಿಗೆಯನ್ನು ನುಂಗಿದ ಬಳಿಕ ಅವರ ಬಿಗಿದ ಕಾಲು ಸಡಿಲಗೊಂಡು, ತಾವಾಗಿಯೇ ಎದ್ದು ಬಸದಿಗೆ ನಡೆಯಬಲ್ಲರು. ಆ ಗುಳಿಗೆಯ ಚರಿತ್ರೆ ಹೀಗಿದೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ೧೯೫೭ರಲ್ಲಿ, ಭಾರತದ ಸರ್ಪಗಂಧದಿಂದ ತೆಗೆದ ರೆಸರ್ಪಿನ್ ಎಂಬ ಸತ್ತ್ವವನ್ನು ಮೊಲಗಳಿಗೆ ಕೊಟ್ಟಾಗ ಅವು ಅಲುಗಾಡದೆ ಕುಳಿತುಬಿಟ್ಟವು; ಡೋಪವನ್ನು ಕೊಟ್ಟಾಗ ಮತ್ತೆ ಚಲಿಸಿದವು. ೧೯೬೦ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ಮತ್ತು ಅವನ ಸಹೋದ್ಯೋಗಿಯು ಕಂಪವಾತದಿಂದ ಮೃತರಾದವರ ಮಿದುಳುಗಳನ್ನು ಪರೀಕ್ಷಿಸಿ, ಅವುಗಳ ಒಂದು ಭಾಗದಲ್ಲಿ ಡೋಪಮಿನ್ ಬಹಳ ಕುಗ್ಗಿರುವುದನ್ನು ಕಂಡರು. ಮರುವರ್ಷವೇ ರೋಗಿಗಳಿಗೆ ಆ ಔಷಧವನ್ನು ಕೊಟ್ಟು ನೋಡಲಾಯಿತು. ಮೊಲಗಳ ಸಂಕಟವೂ ಮೃತರ ಮಿದುಳೂ ಸೇರಿ ಆ ಗುಳಿಗೆಯಾಗಿದೆ. ಅದನ್ನು ನುಂಗುವ ಮನೆಯವರು ಮಗಳಿಗೆ ಮಾತ್ರ 'ನೀನು ಆ ಶಾಸ್ತ್ರದ ಹತ್ತಿರ ಸುಳಿಯಬೇಡ' ಎನ್ನುವುದು ನ್ಯಾಯವೇ?

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದ ಕರ್ಮವು ಒಳಬರುತ್ತದೆಂದು ಜೈನಶಾಸ್ತ್ರವು ಎಚ್ಚರಿಸುತ್ತದೆ. ಗುಳಿಗೆ ನುಂಗಿದ ಅಜ್ಜನು ಮೊಲವನ್ನು ತಾನು ಪೀಡಿಸಿಲ್ಲ, ಪೀಡಿಸೆಂದು ಹೇಳಿಲ್ಲ. ಅನುಮೋದನೆಯು ಮನಸ್ಸಿನ ಕ್ರಿಯೆ. 'ಮೊಲಗಳು ಸತ್ತದ್ದೇ ಒಳ್ಳೆಯದಾಯಿತು' ಎಂದು ಆತನು ಸಂತೋಷಪಟ್ಟರೆ ಮಾತ್ರ ಆ ಬಾಗಿಲು ತೆರೆಯುತ್ತದೆ. ಆದಕಾರಣ ಔಷಧಸೇವನೆಯು ಪಾಪವೆಂದು ಹೇಳಲಾಗದು. ಆದರೆ ಅದು ಋಣವಲ್ಲವೆಂದೂ ಹೇಳಲಾಗದು. ಬೇರೆಯವರ ಕೈ ಕೆಸರಾದುದರಿಂದ ತನ್ನ ಕೈ ಶುದ್ಧವಾಗಿ ಉಳಿದಿದೆಯೆಂದು ಹೆಮ್ಮೆಪಡುವುದು ಅಹಿಂಸೆಯಲ್ಲ, ಅದು ಮಾನಕಷಾಯ. ಋಣವನ್ನು ತೀರಿಸುವ ದಾರಿ ಯಾವುದೆಂದು ಕೇಳುವವನೇ ನಿಜವಾದ ಅಹಿಂಸಕ. ಹಿಂಸೆಯಿಲ್ಲದೆ ಅದೇ ಜ್ಞಾನವನ್ನು ಪಡೆಯುವ ಮಾರ್ಗಗಳನ್ನು ಬೆಳೆಸುವುದೇ ಆ ದಾರಿ. ಆ ಮಾರ್ಗಗಳನ್ನು ಬೆಳೆಸಬೇಕಾದವರು ಈ ಶಾಸ್ತ್ರವನ್ನು ಬಲ್ಲವರೇ ಹೊರತು ಅದರಿಂದ ದೂರ ಓಡಿದವರಲ್ಲ.

ಜೈನರ ಇತಿಹಾಸದಲ್ಲಿ ಇದಕ್ಕೆ ಮೇಲ್ಪಂಕ್ತಿಯಿದೆ. ಉಗ್ರಾದಿತ್ಯಾಚಾರ್ಯರು ವೈದ್ಯಶಾಸ್ತ್ರವು ಮಾಂಸ, ಮದ್ಯ, ಮಧುಗಳನ್ನು ಔಷಧವಾಗಿ ಬಳಸುತ್ತದೆಂದು ವೈದ್ಯವನ್ನೇ ಬಿಡಲಿಲ್ಲ. ಅವುಗಳಿಲ್ಲದ ವೈದ್ಯವನ್ನು ಕಲ್ಯಾಣಕಾರಕವೆಂಬ ಗ್ರಂಥದಲ್ಲಿ ರಚಿಸಿದರು. ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ಮಾಂಸದ ನಿರರ್ಥಕತೆಯನ್ನು ವಾದಿಸಿದರು. ಶಾಸ್ತ್ರವನ್ನು ದೂರವಿಡುವುದು ಒಂದು ಬಗೆಯ ಶುದ್ಧಿ; ಶಾಸ್ತ್ರವನ್ನೇ ಶುದ್ಧಿಗೊಳಿಸುವುದು ಅದಕ್ಕಿಂತ ಹಿರಿದಾದ ಶುದ್ಧಿ.

ಇಂದು ಅಂಥ ಮಾರ್ಗಗಳು ಇಲ್ಲದಿಲ್ಲ. ಹಾನ್ಸ್ ಬರ್ಗರ್ ೧೯೨೯ರಲ್ಲಿ ಪ್ರಕಟಿಸಿದ ವಿಧಾನದಿಂದ ತಲೆಯ ಚರ್ಮದ ಮೇಲಿಟ್ಟ ತಂತಿಗಳೇ ಮಿದುಳಿನ ವಿದ್ಯುತ್ತನ್ನು ದಾಖಲಿಸುತ್ತವೆ. ೧೯೯೦ರ ದಶಕದಿಂದೀಚೆಗೆ ಕಾಂತಕ್ಷೇತ್ರದ ಯಂತ್ರಗಳು ಆಲೋಚಿಸುತ್ತಿರುವ ಮನುಷ್ಯನ ಮಿದುಳಿನ ರಕ್ತಪ್ರವಾಹವನ್ನು ತೋರಿಸುತ್ತವೆ. ರೋಗಿಯ ಮಾತನ್ನು ತಾಳ್ಮೆಯಿಂದ ಕೇಳಿದ್ದರಿಂದಲೇ ಈ ಶಾಸ್ತ್ರದ ಅತಿದೊಡ್ಡ ಸತ್ಯಗಳು ಕೆಲವು ದೊರೆತಿವೆ. ಪಾಲ್ ಬ್ರೋಕಾ ೧೮೬೧ರಲ್ಲಿ ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನು ಮೃತನಾದ ಬಳಿಕ ಅವನ ಮಿದುಳನ್ನು ನೋಡಿ ಮಾತಿನ ನೆಲೆಯನ್ನು ಗುರುತಿಸಿದನು. ಗಣಿತ, ಗಣಕವಿಜ್ಞಾನಗಳ ಮೂಲಕ ನರಜಾಲವನ್ನು ಅಧ್ಯಯಿಸುವ ಶಾಖೆಯೂ ಬೆಳೆದಿದೆ. ಎಲ್ಲ ಪ್ರಶ್ನೆಗಳಿಗೂ ಇವು ಉತ್ತರ ಕೊಡುತ್ತವೆಂದು ಹೇಳಿದರೆ ಅದು ಅಸತ್ಯ. ಜೀವಕೋಶದ ಒಳಗಿನ ಅನೇಕ ಸಂಗತಿಗಳನ್ನು ಹೊರಗಿನಿಂದ ಅರಿಯಲಾಗದು. ವ್ರತವಿದ್ದವನಿಗೆ ಕೆಲವು ಬಾಗಿಲುಗಳು ಮುಚ್ಚಿರುತ್ತವೆ. ವ್ರತವೆಂದರೆ ಅದೇ ಅಲ್ಲವೆ? ಮುಚ್ಚಿದ ಬಾಗಿಲುಗಳೇ ಇಲ್ಲದ ಜೀವನಕ್ಕೆ ವ್ರತವೆಂಬ ಹೆಸರು ಸಲ್ಲದು.

ಮೃತರ ಮಿದುಳಿನ ದಾನವೂ ಒಂದು ಮಾರ್ಗ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಿಂದ ಮಾನವ ಮಿದುಳಿನ ಅಂಗಾಂಶ ಭಂಡಾರವಿದೆ. ಅಲ್ಲಿನ ಸಂಗ್ರಹಾಲಯದಲ್ಲಿ ಸಾರ್ವಜನಿಕರೂ ನಿಜವಾದ ಮಿದುಳನ್ನು ಕಾಣಬಹುದು. ಒಬ್ಬ ಮನುಷ್ಯನು ಸ್ವಇಚ್ಛೆಯಿಂದ ಕೊಟ್ಟ ಮಿದುಳು, ಒಪ್ಪಿಗೆ ಕೇಳದೆ ಪ್ರಾಣಿಯಿಂದ ಕಸಿದುಕೊಂಡ ಮಿದುಳಿಗಿಂತ ಎಷ್ಟೋ ಪಾಲು ಶುದ್ಧವಾದ ಪಾಠಪುಸ್ತಕ. ಜೀವವು ಹೊರಟುಹೋದ ದೇಹವು ಕೇವಲ ಪುದ್ಗಲವೆಂದು ಬಲ್ಲ ಸಮಾಜಕ್ಕೆ ಈ ದಾನವು ಕಠಿಣವಾಗಬಾರದು. ಆದರೂ ಶವದಲ್ಲಿ ಅಂತರ್ಮುಹೂರ್ತದೊಳಗೆ ಸಮ್ಮೂರ್ಛನ ಜೀವಿಗಳು ಉತ್ಪನ್ನವಾಗುತ್ತವೆ, ಆದುದರಿಂದ ಸಂಸ್ಕಾರವು ಬೇಗನೆ ನಡೆಯಬೇಕು ಎಂಬ ಶಾಸ್ತ್ರಸಮ್ಮತವಾದ ಸಂಕೋಚವಿದೆ. ಇದು ಹಗುರವಾದ ಆಕ್ಷೇಪವಲ್ಲ. ಒಂದು ಕಡೆ ಸೂಕ್ಷ್ಮ ಜೀವಿಗಳ ರಕ್ಷಣೆ, ಇನ್ನೊಂದು ಕಡೆ ಪಂಚೇಂದ್ರಿಯ ಜೀವಿಗಳ ರಕ್ಷಣೆ. ಇವೆರಡನ್ನು ತೂಗುವ ಕಾರ್ಯವನ್ನು ಮುನಿಸಂಘದ ಮಾರ್ಗದರ್ಶನದಲ್ಲಿ ಸಮಾಜವು ಬಹಿರಂಗವಾಗಿ ಕೈಗೊಳ್ಳಬೇಕು. ಮೌನವು ಇದಕ್ಕೆ ಉತ್ತರವಾಗದು.

ಇನ್ನು ದೊಡ್ಡಪ್ಪನ ಪ್ರಶ್ನೆ. ಮಿದುಳನ್ನು ಬಿಡಿಸಿ ನೋಡಿದವರಿಗೆ ಆತ್ಮ ಸಿಕ್ಕಿಲ್ಲವಲ್ಲ, ಎಂಬ ಮಾತು ಹೊಸದೇನಲ್ಲ. ಶ್ವೇತಾಂಬರ ಆಗಮಗಳಲ್ಲಿ ಒಂದಾದ ರಾಯಪಸೇಣಿಯ ಸೂತ್ರದಲ್ಲಿ ಪ್ರದೇಶಿ ಎಂಬ ರಾಜನು ಪಾರ್ಶ್ವನಾಥರ ಪರಂಪರೆಯ ಕೇಶಿ ಶ್ರಮಣರ ಮುಂದೆ ಇದನ್ನೇ ವಾದಿಸುತ್ತಾನೆ. ಆತನು ಕಳ್ಳನೊಬ್ಬನನ್ನು ಸೀಳಿಸಿ ನೋಡಿದ್ದನು, ಜೀವ ಕಾಣಲಿಲ್ಲ. ಸಾಯುವ ಮುನ್ನವೂ ಸತ್ತ ಮೇಲೂ ತೂಗಿಸಿದ್ದನು, ತೂಕದಲ್ಲಿ ಭೇದವಿರಲಿಲ್ಲ. ಅದಕ್ಕೆ ಕೇಶಿ ಶ್ರಮಣರು ಕಟ್ಟಿಗೆಯ ದೃಷ್ಟಾಂತವನ್ನು ಕೊಟ್ಟರು: ಕಟ್ಟಿಗೆಯಲ್ಲಿ ಬೆಂಕಿಯಿದೆಯೆಂದು ಕೇಳಿದ ಮೂಢನೊಬ್ಬನು ಅದನ್ನು ಚೂರುಚೂರು ಕಡಿದು ಬೆಂಕಿಯನ್ನು ಹುಡುಕಿದನಂತೆ. ಈ ಸಂವಾದದಲ್ಲಿ ಎರಡು ಪಾಠಗಳಿವೆ. ಸಾಧನವು ಯಾವುದನ್ನು ತೋರಿಸಬಲ್ಲದೋ ಅದನ್ನು ಮಾತ್ರ ತೋರಿಸುತ್ತದೆ ಎಂಬುದು ಒಂದು. ಕೇಶಿ ಶ್ರಮಣರು ಪ್ರಶ್ನೆ ಕೇಳಿದವನನ್ನು ಗದರಿಸಿ ಓಡಿಸಲಿಲ್ಲ, ಒಂದೊಂದೇ ಪ್ರಶ್ನೆಗೆ ಕುಳಿತು ಉತ್ತರ ಹೇಳಿದರು ಎಂಬುದು ಇನ್ನೊಂದು. ಆ ಪ್ರದೇಶಿ ರಾಜನೇ ಕೊನೆಗೆ ಶ್ರಾವಕನಾದನು.

ಮತಿಜ್ಞಾನವು ಇಂದ್ರಿಯ ಮತ್ತು ಮನಸ್ಸುಗಳ ನಿಮಿತ್ತದಿಂದ ಉಂಟಾಗುತ್ತದೆಂದು ತತ್ತ್ವಾರ್ಥಸೂತ್ರವೇ ತಿಳಿಸಿದೆ. ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ಅದರ ಹಂತಗಳು ಜ್ಞಾನವು ಕ್ರಮವಾಗಿ ರೂಪುಗೊಳ್ಳುವುದನ್ನು ಹೇಳುತ್ತವೆ. ನಿಮಿತ್ತವು ಕೆಟ್ಟಾಗ ಕಾರ್ಯವು ಕುಂಠಿತವಾಗುವುದು ಜೈನದರ್ಶನಕ್ಕೆ ಆಘಾತವನ್ನುಂಟುಮಾಡುವ ಸುದ್ದಿಯಲ್ಲ. ೧೯೫೩ರಲ್ಲಿ ಅಮೇರಿಕದ ಹೆನ್ರಿ ಮೊಲೈಸನ್ ಎಂಬವನ ಅಪಸ್ಮಾರವನ್ನು ತಗ್ಗಿಸಲು ಮಿದುಳಿನ ಎರಡೂ ಪಕ್ಕಗಳಿಂದ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಬಹುಪಾಲು ತೆಗೆದಾಗ, ಆತನು ಹೊಸ ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡನು. ೨೦೦೮ರಲ್ಲಿ ಮೃತನಾಗುವವರೆಗೂ ಆತನು ತನ್ನನ್ನು ನೂರಾರು ಬಾರಿ ಪರೀಕ್ಷಿಸಿದವರನ್ನು ಪ್ರತಿದಿನ ಹೊಸಬರಂತೆ ಕಂಡನು. ಧಾರಣೆಗೆ ಇರುವ ಶಾರೀರಿಕ ನಿಮಿತ್ತವೊಂದು ಇದರಿಂದ ತಿಳಿಯಿತು. ತಿಳಿಯುವವನು ಯಾರು ಎಂಬ ಪ್ರಶ್ನೆ ಇದರಿಂದ ಮುಗಿಯಲಿಲ್ಲ.

ಆದರೆ ಇಲ್ಲಿ ಜೈನ ವಿದ್ವಾಂಸರಿಗೂ ಒಂದು ಸಂಯಮ ಬೇಕು. 'ವಿಜ್ಞಾನಿಗಳು ಈಗ ಕಂಡದ್ದೆಲ್ಲವೂ ಆಗಮಗಳಲ್ಲಿ ಮೊದಲೇ ಇದೆ' ಎಂದು ಘೋಷಿಸುವ ಉತ್ಸಾಹವು ಶ್ರದ್ಧೆಯಂತೆ ತೋರಿದರೂ ಸತ್ಯದಿಂದ ಜಾರುತ್ತದೆ. ಗೊಮ್ಮಟಸಾರವು ದ್ರವ್ಯಮನಸ್ಸನ್ನು ಹೃದಯಸ್ಥಾನದಲ್ಲಿ ಎಂಟು ದಳದ ಕಮಲದಂತೆ ವರ್ಣಿಸುತ್ತದೆ. ಅದೇ ಗ್ರಂಥಕ್ಕೆ ಕೇಶವವರ್ಣಿಯು ೧೩೫೯ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ಬರೆದನೆಂಬುದು ಈ ನಾಡಿನ ಹೆಮ್ಮೆ. ನರವಿಜ್ಞಾನವಾದರೋ ಮಿದುಳನ್ನು ತೋರಿಸುತ್ತದೆ. ಕಮಲವನ್ನು ಎಳೆದು ತಂದು ಮಿದುಳೆಂದು ಅರ್ಥ ಹಚ್ಚುವುದು ಆಚಾರ್ಯರಿಗೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ಎರಡು ಮಾತುಗಳು ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಕೂಡುವುದಿಲ್ಲವೆಂದೇ ಹೇಳಿ, ಯಾವ ನಯದಿಂದ ಯಾವುದು ಹೇಳಲ್ಪಟ್ಟಿದೆಯೆಂದು ವಿಚಾರಿಸುವುದೇ ಅನೇಕಾಂತ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತಾನು ಕಲಿತುದನ್ನು ಪ್ರಾಮಾಣಿಕವಾಗಿ ಬರೆದು, ಸಂಜೆ ಬಸದಿಯಲ್ಲಿ ಪ್ರಾಮಾಣಿಕವಾಗಿ ಕೈಮುಗಿಯುವ ಹುಡುಗಿಯು ಕಪಟಿಯಲ್ಲ. ಅವಳನ್ನು ಎರಡರಲ್ಲಿ ಒಂದನ್ನು ಸುಳ್ಳೆಂದು ಹೇಳುವಂತೆ ಒತ್ತಾಯಿಸುವವರೇ ಅವಳಿಗೆ ಕಪಟವನ್ನು ಕಲಿಸುತ್ತಾರೆ.

ಈ ಶಾಸ್ತ್ರದಿಂದ ಧರ್ಮಕ್ಕೆ ದೊರೆಯುವ ಸಹಾಯವೂ ಇದೆಯೆಂಬುದಕ್ಕೆ ಒಂದೇ ಸನ್ನಿವೇಶ ಸಾಕು. ಐವತ್ತು ವರ್ಷ ರಾತ್ರಿಭೋಜನ ತ್ಯಾಗವನ್ನು ಪಾಲಿಸಿದ ವೃದ್ಧೆಯೊಬ್ಬಳು ಮರೆವಿನ ರೋಗಕ್ಕೆ ಸಿಕ್ಕಿ, ಸಂಜೆ ಉಂಡುದನ್ನು ಮರೆತು, ರಾತ್ರಿ ಒಂಬತ್ತು ಗಂಟೆಗೆ ಅಡುಗೆಮನೆಗೆ ಹೋಗಿ ತಣ್ಣಗಿನ ಅನ್ನವನ್ನು ಕೈಯಲ್ಲಿ ತೆಗೆದುಕೊಂಡು ತಿನ್ನುತ್ತಾಳೆಂದು ಭಾವಿಸಬೇಕು. ಸೊಸೆ ಅಳುತ್ತಾಳೆ, ಮಗ ಗದರುತ್ತಾನೆ, ಬಂಧುಗಳು 'ಕೊನೆಗಾಲದಲ್ಲಿ ವ್ರತ ಕೆಟ್ಟಿತು' ಎಂದು ಪಿಸುಗುಟ್ಟುತ್ತಾರೆ. ಸಾಮಾಯಿಕ, ಪ್ರೋಷಧೋಪವಾಸಗಳ ಅತಿಚಾರಗಳಲ್ಲಿ ಸ್ಮೃತ್ಯನುಪಸ್ಥಾನ ಎಂಬುದನ್ನು ಶಾಸ್ತ್ರಕಾರರು ಎಣಿಸಿರುವುದು ನಿಜ. ಆದರೆ ಆ ಮರೆವು ಅನಾದರದಿಂದ, ಪ್ರಮಾದದಿಂದ ಬರುವ ಮರೆವು. ಮಿದುಳಿನ ನರಕೋಶಗಳೇ ಕ್ಷಯಿಸಿ ಬರುವ ಮರೆವಿಗೆ ಪ್ರಮಾದವೆಂಬ ಹೆಸರು ಸಲ್ಲುವುದೇ? ಪ್ರಮತ್ತಯೋಗವಿಲ್ಲದ ಕಡೆ ಹಿಂಸೆಯನ್ನೇ ಹಿಂಸೆಯೆಂದು ಕರೆಯದ ಧರ್ಮವು, ಸಂಕಲ್ಪವೇ ಅಳಿದ ಜೀವಿಯನ್ನು ವ್ರತಭಂಗದ ಅಪರಾಧಿಯೆಂದು ಕರೆಯುವುದೇ? ಆ ಮನೆಯಲ್ಲಿ ನರವಿಜ್ಞಾನವನ್ನು ಓದಿದ ಮೊಮ್ಮಗಳಿದ್ದರೆ ಗದರುವ ತಂದೆಯ ಕೈಹಿಡಿದು ಹೇಳಬಹುದು: "ಅಪ್ಪಾ, ಅಜ್ಜಿ ವ್ರತವನ್ನು ಬಿಟ್ಟಿಲ್ಲ. ರೋಗ ಅಜ್ಜಿಯಿಂದ ಅದನ್ನು ಕಿತ್ತುಕೊಂಡಿದೆ." ಆ ಮಾತಿನಿಂದ ಮನೆಯಲ್ಲಿ ಕಡಿಮೆಯಾಗುವ ಕಷಾಯವು, ಗಳಿಸಿದ ಪದವಿಗಿಂತಲೂ ದೊಡ್ಡ ಲಾಭ.

ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ಇಲ್ಲಿ ಮಾಡಬಹುದಾದ ಕೆಲಸ ಸ್ಪಷ್ಟವಾಗಿದೆ. ವಿದ್ಯಾರ್ಥಿವೇತನವನ್ನು ಕೊಡುವಾಗ ಈ ವಿಷಯವನ್ನು ಓದುವವರನ್ನು ಅನುಮಾನದಿಂದ ನೋಡಬಾರದು. ಕಾಲೇಜಿಗೆ ಸೇರುವ ಮೊದಲೇ ಅಲ್ಲಿನ ಪ್ರಯೋಗಗಳಾವುವು ಎಂದು ಲಿಖಿತವಾಗಿ ಕೇಳಿ ತಿಳಿಯಲು ತಂದೆತಾಯಿಗಳಿಗೆ ಸಂಕೋಚವಿರಬಾರದು. ಸಮಾಜದ ಆಡಳಿತದಲ್ಲಿರುವ ವಿದ್ಯಾಸಂಸ್ಥೆಗಳು ಮಾದರಿಗಳಿಂದ, ಗಣಕಯಂತ್ರಗಳಿಂದ ಕಲಿಸುವ ಉತ್ತಮ ಪ್ರಯೋಗಶಾಲೆಗಳನ್ನು ಕಟ್ಟಿ ಉಳಿದವರಿಗೆ ದಾರಿ ತೋರಿಸಬೇಕು. ದಶಲಕ್ಷಣ ಪರ್ವದ ಉಪನ್ಯಾಸಮಾಲೆಯಲ್ಲಿ ಒಂದು ದಿನವಾದರೂ ಇಂಥ ವಿದ್ಯಾರ್ಥಿಯನ್ನು ಕರೆದು, ಮಾತನಾಡಲು ಬಿಟ್ಟು, ಹಿರಿಯರು ಕೇಳಬೇಕು. ಅವನು ತಪ್ಪಿ ಆಡಿದರೆ ತಿದ್ದಬೇಕು, ಸರಿಯಾಗಿ ಆಡಿದರೆ ತಿದ್ದಿಕೊಳ್ಳಬೇಕು.

ವಿದ್ಯಾರ್ಥಿಯ ಪಾಲಿಗೆ ಉಳಿಯುವ ಕರ್ತವ್ಯ ಇನ್ನೂ ಸರಳವಾದುದು, ಇನ್ನೂ ಕಠಿಣವಾದುದು. ತಾನು ಓದುತ್ತಿರುವ ಪ್ರತಿಯೊಂದು ಚಿತ್ರದ ಹಿಂದೆ ಯಾವುದೋ ಒಂದು ಜೀವ ಬೆಲೆ ತೆತ್ತಿದೆಯೆಂಬುದನ್ನು ಅವಳು ಮರೆಯಬಾರದು. ದಿನದ ಕೊನೆಯ ಪ್ರತಿಕ್ರಮಣದಲ್ಲಿ ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವಾಗ, ರಾಜಗೃಹದ ದಾರಿಯಲ್ಲಿ ಹೂವು ಹೊತ್ತು ನಡೆದ ಆ ಕಪ್ಪೆಯ ವಂಶದವುಗಳನ್ನೂ ಅವಳು ನೆನೆಯಲಿ. ಹಾಗೆ ನೆನೆಯುವ ಮನಸ್ಸು ಮಿದುಳನ್ನು ಎಷ್ಟು ಆಳವಾಗಿ ಓದಿದರೂ ಅಜ್ಜಿಯೂ ದೊಡ್ಡಪ್ಪನೂ ಭಯಪಡಬೇಕಾದ ಕಾರಣವಿಲ್ಲ.